ಗೆರೆಯ ಕೆಳಗಿನ ಚುಕ್ಕಿ

ಬಡಗಿ ಶವದ ಗಾಡಿಯ ಹಿಂಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ ರಭಸಕ್ಕೆ ಬಾಗಿಲು ಕಿತ್ತು ಅವನ ಕೈಗೇ ಬಂತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಬೀದಿಗೆ ಎಸೆದ. ಬಾಗಿಲು ಹಾದಿಯಲ್ಲಿದ್ದ ಸೈಕಲ್ಲೊಂದನ್ನು ನಾಲ್ಕು ಮಡಿಕೆ ಮಡಿಸಿ, ಎದುರಿನ ಕ್ಷೌರದಂಗಡಿಯ ಗಾಜನ್ನು ಪುಡಿಮಾಡಿ, ಒಳಗೆ ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದ ಗಿರಾಕಿಯ ಕಾಲಬುಡದಲ್ಲಿ ಹೋಗಿ ನಿಂತಿತು. ಆ ಗಿರಾಕಿ ಉಳಿದರ್ಧ ಗಡ್ಡವನ್ನು ಇವತ್ತಿಗೂ ಹಾಗೇ ಬಿಟ್ಟುಕೊಂಡು ಓಡಾಡುತ್ತಾನೆ. ಆ ಕುರ್ಚಿಯಲ್ಲಿ ಮತ್ತೆ ಕೂರುವ ಧೈರ್ಯ ಅವನಿಗೆ ಬಂದಿಲ್ಲ.

“ಪೆಟ್ಟಿಗೆ ಉದ್ದ ಆಯ್ತು ಅಂತ ಅಷ್ಟೇ ಅಂದಿದ್ದು ನಾನು,” ಎಂದ ಡ್ರೈವರ್, ಗಾಡಿಯ ಅಡಿಯಿಂದ. ಅವನು ಅಲ್ಲಿಗೆ ಯಾವಾಗ ತೂರಿಕೊಂಡನೆಂದು ಯಾರೂ ನೋಡಿರಲಿಲ್ಲ.

“ನಮ್ಮಕ್ಕ ಉದ್ದ ಇದ್ಲು,” ಎಂದ ಬಡಗಿ.

“ಇರ್ಲಿ ಬಿಡಿ ಯಜಮಾನ್ರೇ. ಈಗ ಬಾಗ್ಲಿಲ್ವಲ್ಲ, ಸರಿಯಾಗಿ ಹಿಡ್ಸುತ್ತೆ.”

ಅಳತೆ ನೋಡಲು ಹೊರಗೆ ತಂದಿದ್ದ ಖಾಲಿ ಪೆಟ್ಟಿಗೆಯನ್ನು ಬಡಗಿ ಒಬ್ಬನೇ ಹೆಗಲಿಗೇರಿಸಿ ಮತ್ತೆ ಒಳಗೊಯ್ದ. ಅದನ್ನು ಮಾಡಿದವನೂ ಅವನೇ. ಅದಕ್ಕೆ ಹಾಕಿದ್ದ ಮರದಲ್ಲಿ ಒಂದು ಸಣ್ಣ ಹಡಗು ಕಟ್ಟಬಹುದಿತ್ತು. ಉಜ್ಜಿದ ನಯಕ್ಕೆ ನೊಣ ಕೂತರೆ ಜಾರಿ ಬಿದ್ದು ಸೊಂಟ ಮುರಿದುಕೊಳ್ಳುತ್ತಿತ್ತು. ಅಂಥ ಪೆಟ್ಟಿಗೆಯನ್ನು ನೋಡಲು ಇಡೀ ಬೀದಿ ಬಂದು ಸೇರಿತ್ತು, ಆದರೆ ಎದುರಿನ ಕಾಲುದಾರಿಯ ಮೇಲೆ. ಈಚೆ ಬದಿಗೆ ಒಬ್ಬರೂ ಕಾಲಿಟ್ಟಿರಲಿಲ್ಲ. ಬೀದಿಯವರು ಅವನನ್ನು ಬೆನ್ನ ಹಿಂದೆ ಸುತ್ತಿಗೆ ಎನ್ನುತ್ತಿದ್ದರು. ಮುಂದೆ ಏನೂ ಅನ್ನುತ್ತಿರಲಿಲ್ಲ.

“ಆಫೀಸಲ್ಲೇ ಎದೆ ನಿಂತು ಹೋಯ್ತಂತೆ,” ಎಂದಳು ಹಾಲಿನವಳು.

“ಎದೆ ಸುಮ್‌ಸುಮ್ನೆ ನಿಲ್ಲುತ್ತಾ?” ಕ್ಷೌರದವನು ಗಾಜು ಗುಡಿಸುತ್ತ ಕೇಳಿದ. “ಇಂಥ ತಮ್ಮನ್ನ ಇಟ್ಕೊಂಡು ಇಷ್ಟು ವರ್ಷ ಓಡಿದ್ದೇ ಹೆಚ್ಚು. ಹೋದ ವಾರ ಸ್ಟೂಲು ಹಾರಿದ ಸದ್ದು ನಿಂಗೆ ಕೇಳಿಸ್ಲಿಲ್ವಾ?”

“ಕೇಳಿಸ್ದೆ ಏನು. ನಮ್ಮನೆ ಹಾಲೆಲ್ಲ ಒಡೆದು ಹೋಯ್ತು.”

ಸ್ಟೂಲು ಹಾರಿದ್ದು ನಿಜ. ಊಟ ಆರಿತ್ತು ಎಂಬುದಷ್ಟೇ ಕಾರಣ. ಅದು ಅಕ್ಕನ ಭುಜಕ್ಕೆ ಬಡಿದು ಗೋಡೆಯಲ್ಲಿ ಕಾಲು ನೆಟ್ಟುಕೊಂಡು ನಿಂತಿತ್ತು. ಅದಾದ ಕೆಲವೇ ದಿನಕ್ಕೆ ಅಕ್ಕ ಔಷಧ ಪ್ರಯೋಗಾಲಯದ ತನ್ನ ಮೇಜಿನ ಮುಂದೆ, ಕೀಬೋರ್ಡಿನ ಮೇಲೆ ಕೆನ್ನೆಯಿಟ್ಟು ಹೋಗಿಬಿಟ್ಟಳು. ಕೆನ್ನೆ ಒತ್ತಿದ್ದ ಒಂದೇ ಅಕ್ಷರ ಪರದೆಯ ಮೇಲೆ ಓಡುತ್ತ ಓಡುತ್ತ, ಯಾರಾದರೂ ಬಂದು ನೋಡುವ ಹೊತ್ತಿಗೆ ಹತ್ತು ಸಂಪುಟದಷ್ಟಾಗಿತ್ತು. ಅವಳು ಬದುಕಿದ್ದಾಗ ಬರೆದ ವರದಿಗಳಿಗಿಂತ ಅದೇ ಓದಿಸಿಕೊಂಡು ಹೋಗುತ್ತಿತ್ತೆಂದು ಸಹೋದ್ಯೋಗಿಗಳು ಹೇಳುತ್ತಾರೆ. ಹೃದಯ ಎಂದು ವೈದ್ಯರು ಬರೆದುಕೊಟ್ಟರು. ತಮ್ಮ ನಂಬಲಿಲ್ಲ. ಕೊಂದದ್ದು ತನ್ನ ಕೈ, ತನ್ನ ಹುಟ್ಟೇ ಅಂಥದ್ದು ಎನ್ನುವುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅಕ್ಕನನ್ನು ಮಣ್ಣು ಮಾಡಿದ ಮೇಲೆ ಪೊಲೀಸರ ಮುಂದೆ ಹೋಗಿ ನಿಲ್ಲುವುದೆಂದು ಗಟ್ಟಿ ಮಾಡಿಕೊಂಡಿದ್ದ.

ಈಚೆ ಬದಿಗೆ ಮೊದಲು ಕಾಲಿಟ್ಟವಳು ಇಲಿಯಮ್ಮ. ಪ್ರಯೋಗಾಲಯದ ಇಲಿಗಳನ್ನು ಸಾಕುವ ಮುದುಕಿ. ಅವಳ ಹತ್ತು ಬೆರಳಲ್ಲಿ ಪೂರ್ತಿ ಉಳಿದದ್ದು ಎಷ್ಟೆಂದು ಎಣಿಸಲು ಯಾರಿಗೂ ಧೈರ್ಯವಿರಲಿಲ್ಲ, ಉಳಿದವು ಇಕ್ಕಳದಂತಿದ್ದವು. ಅವಳ ಹಿಂದೆ ತಲೆ ತಗ್ಗಿಸಿಕೊಂಡು ಬಂದವಳು ಬಡಗಿಯ ಹೆಂಡತಿ. ಹೊಲಿಗೆಯವಳು. ಅವನು ಎಸೆದ ಉಳಿ ತನ್ನ ಕಿವಿಯ ಪಕ್ಕದಲ್ಲೇ ಬಾಗಿಲಿಗೆ ನಾಟಿದ ದಿನ ಮನೆ ಬಿಟ್ಟವಳು, ಈಗಲೇ ಮತ್ತೆ ಆ ಹೊಸ್ತಿಲು ದಾಟುತ್ತಿದ್ದಳು.

“ದಾರಿ ಬಿಡೋ,” ಎಂದಳು ಇಲಿಯಮ್ಮ. “ನಿಮ್ಮಕ್ಕಂಗೆ ಸ್ನಾನ ಮಾಡಿಸ್ಬೇಕು. ಗಂಡಸ್ರು ಒಳಗೆ ಬರ್ಬೇಡಿ.”

ಬಡಗಿ ದಾರಿ ಬಿಟ್ಟ. ಹೆಂಡತಿ ಅವನ ಮುಖ ನೋಡದೆ ಒಳಗೆ ಹೋದಳು.

*

ಅವನು ಮೊದಲಿನಿಂದ ಹೀಗಿರಲಿಲ್ಲ. ಹುಡುಗನಾಗಿದ್ದಾಗ ಇರುವೆ ತುಳಿದರೆ ಅಳುತ್ತಿದ್ದ. ಅವನಿಗಿದ್ದದ್ದು ಬೇರೆ ಕಷ್ಟ. ಮೂರ್ಛೆ ಬರುತ್ತಿತ್ತು. ಬಂದರೆ ಸಣ್ಣ ಪುಟ್ಟದ್ದಲ್ಲ, ಕಪಾಟಿನ ಪಾತ್ರೆಗಳು ಒಂದೊಂದಾಗಿ ಕೆಳಗೆ ಹಾರುತ್ತಿದ್ದವು, ಪಕ್ಕದ ಮನೆಯ ಗಡಿಯಾರ ನಿಲ್ಲುತ್ತಿತ್ತು. ಅವನ ತಲೆ ನೆಲಕ್ಕೆ ಬಡಿಯದಿರಲೆಂದು ಅಕ್ಕ ತನ್ನ ಅಂಗೈಗಳನ್ನು ಅಡಿಗೆ ಕೊಡುತ್ತಿದ್ದಳು. ಅವಳ ಬೆರಳ ಗಿಣ್ಣುಗಳ ಮೇಲೆ ಚರ್ಮ ಕೂತದ್ದು ಅವಳು ಕಾಲೇಜಿಗೆ ಹೋದ ಮೇಲೆ.

ಕಾಲೇಜಿನಲ್ಲಿ ಅವಳು ಲೆಕ್ಕ ಕಲಿತಳು. ಕಲಿತು, ಬೇರೆಲ್ಲೂ ಅರ್ಜಿ ಹಾಕದೆ, ಮೂರ್ಛೆಗೆ ಔಷಧ ಹುಡುಕುವ ಪ್ರಯೋಗಾಲಯಕ್ಕೇ ಹೋಗಿ ಸೇರಿದಳು. ಅಲ್ಲಿ ನೆಲಮಾಳಿಗೆಯಲ್ಲಿ ಇಲಿಮನೆ. ಇಲಿಗಳಿಗೆ ಔಷಧ ಕೊಟ್ಟು, ಕಿವಿಗೆ ತಂತಿ ಸಿಕ್ಕಿಸಿ, ಕರೆಂಟು ಹೊಡೆಸುತ್ತಿದ್ದರು. ಔಷಧ ಕೆಲಸ ಮಾಡದಿದ್ದರೆ ಇಲಿ ಸೆಟೆದು ಮೊಳೆಯಂತಾಗುತ್ತಿತ್ತು. ಮಾಡಿದರೆ ಮೀಸೆ ಒರೆಸಿಕೊಂಡು ಕೂರುತ್ತಿತ್ತು. ಅಕ್ಕ ಆ ಕೋಣೆಗೆ ವರ್ಷಗಟ್ಟಲೆ ಇಳಿಯಲಿಲ್ಲ. ಕೆಲಸಕ್ಕೆ ಸೇರಿದ ದಿನ ಮೆಟ್ಟಿಲ ಬಾಯಿಗೆ ಹೋಗಿ, ಒಳಗೆ ಏನೋ ಪಟಪಟನೆ ಬಡಿದುಕೊಳ್ಳುವ ಸದ್ದು ಕೇಳಿ ವಾಪಸ್ಸು ಬಂದವಳು, ಮುಂದೆ ಎಲ್ಲವನ್ನೂ ಮೇಲಿನ ಮಹಡಿಯ ಪರದೆಯಲ್ಲೇ ನೋಡಿದಳು. ಕೆಳಗಿನಿಂದ ಇಲಿಯಮ್ಮ ಅಂಕಿ ಕಳಿಸುವುದು, ಮೇಲೆ ಇವಳು ಅದನ್ನು ಲೆಕ್ಕದ ಸಾಫ್ಟ್‌ವೇರಿಗೆ ಉಣಿಸುವುದು. ಅವಳ ಕೆಲಸ ಒಂದೇ. ಎರಡು ಔಷಧ ಕೂಡಿದರೆ ಅವುಗಳ ಬಲ ಎಷ್ಟಾಗುತ್ತದೆ ಎಂದು ಅಳೆಯುವುದು.

ಅವಳ ಪರದೆಯ ಮೇಲೆ ಸದಾ ಒಂದು ಓರೆಗೆರೆ ಇರುತ್ತಿತ್ತಾದ್ದರಿಂದ ಅಲ್ಲಿ ಎಲ್ಲರೂ ಅವಳನ್ನು ಗೆರೆಯಕ್ಕ ಎನ್ನುತ್ತಿದ್ದರು. ಮೆತ್ತಗಿನ ಹೆಂಗಸಲ್ಲ. ಆ ಗೆರೆಯನ್ನು ಕಣ್ಣಳತೆಯಲ್ಲಿ ಎಳೆದು ತಂದ ಸಹೋದ್ಯೋಗಿಯೊಬ್ಬನ ಮೇಲೆ ಅವಳು ಪ್ರಿಂಟರು ಎಸೆದಿದ್ದಳು. ಪ್ರಿಂಟರು ಗಾಳಿಯಲ್ಲಿರುವಾಗಲೇ ಅವನು ರಾಜೀನಾಮೆ ಬರೆದ.

ಒಂದು ಸಂಜೆ ಅವಳು ಮೆಟ್ಟಿಲನ್ನು ನಾಲ್ಕು ನಾಲ್ಕಾಗಿ ಹಾರಿ ಮನೆಗೆ ಬಂದು, ತಮ್ಮನನ್ನು ಗೋಡೆಗೆ ಒತ್ತಿ ಕೂರಿಸಿದಳು.

“ಕೇಳು. ಒಂದು ಬೀರು ಎತ್ಬೇಕು ಅಂದ್ಕೋ. ಒಬ್ಬ ಹಮಾಲಿ ಒಬ್ನೇ ಎತ್ಬೇಕಂದ್ರೆ ನಾಲ್ಕು ತಟ್ಟೆ ಊಟ ಹಾಕ್ಬೇಕು. ಇನ್ನೊಬ್ಬನೂ ಅಷ್ಟೇ, ಒಬ್ನೇ ಆದ್ರೆ ನಾಲ್ಕು ತಟ್ಟೆ. ಈಗ ಇಬ್ರನ್ನೂ ಕರೆದೆ. ಎಷ್ಟೆಷ್ಟು ಹಾಕ್ಬೇಕು?”

“ಎರಡೆರಡು.”

“ಹೌದಾ. ಎರಡೆರಡು ತಟ್ಟೆ ತಿಂದು ಎತ್ತಿದ್ರೆ ಅವ್ರು ಬರೀ ಪಾಲು ಹಂಚ್ಕೊಂಡ್ರು ಅಂತ. ಅವನ ನಾಲ್ಕರಿಂದ ಇವನ ನಾಲ್ಕಕ್ಕೆ ಎಳೆದಿದ್ದೇ ನನ್ನ ಗೆರೆ, ಚುಕ್ಕಿ ಅದರ ಮೇಲೇ ಬೀಳುತ್ತೆ. ಮೂರು ಮೂರು ತಟ್ಟೆ ತಿಂದೂ ಎತ್ತೋಕೆ ಒದ್ದಾಡಿದ್ರೆ ಒಬ್ಬರ ಕಾಲು ಒಬ್ರು ಎಳೀತಿದಾರೆ ಅಂತ. ಚುಕ್ಕಿ ಗೆರೆ ದಾಟಿ ಮೇಲಕ್ಕೆ ಹೋಗುತ್ತೆ. ಒಂದೊಂದೇ ತಟ್ಟೆ ತಿಂದು ಬೀರು ಮೂರನೇ ಮಹಡಿಗೆ ಹತ್ತಿಸಿಬಿಟ್ರೆ?”

“ಅವರಿಬ್ರ ನಡುವೆ ಏನೋ ಇದೆ.”

“ಏನೋ ಇದೆ ಕಣೋ,” ಎಂದು ಅವಳು ಅವನ ಬೆನ್ನಿಗೆ ಗುದ್ದಿದಳು. “ಚುಕ್ಕಿ ಗೆರೆಯಿಂದ ಎಷ್ಟು ಕೆಳಗೆ ಬಿದ್ದಿದೆ ಅಂದ್ರೆ ಸಾಹೇಬ್ರು ನೆಲದ ಮೇಲೆ ಹುಡುಕ್ತಾ ಇದ್ರು. ಎರಡೂ ಈಗಾಗ್ಲೇ ಅಂಗಡೀಲಿ ಸಿಗೋ ಮಾತ್ರೆಗಳೇ. ನೀನು ಒಂದನ್ನ ಈಗ್ಲೇ ನುಂಗ್ತಿದೀಯ.”

“ಬೀರು ಎತ್ತಿ ಯಾರ ತಲೆ ಮೇಲೆ ಹಾಕ್ತಾರೆ ಅನ್ನೋದೂ ನಿನ್ನ ಗೆರೇಲಿ ಬರುತ್ತಾ?”

ಅವಳು ನಕ್ಕು ಮತ್ತೊಂದು ಗುದ್ದು ಕೊಟ್ಟಳು. ವೈದ್ಯರು ಆ ಲೆಕ್ಕ ನೋಡಿ ಜೋಡಿಯನ್ನು ಬರೆದುಕೊಟ್ಟರು. ಬೇರೆ ಯಾವುದಕ್ಕೂ ಬಗ್ಗದ ಮೂರ್ಛೆಯವರಿಗೆ ಅಲ್ಲೊಬ್ಬ ಇಲ್ಲೊಬ್ಬ ವೈದ್ಯರು ಅದನ್ನೇ ಕೊಡತೊಡಗಿದರು. ತಮ್ಮ ಬೀಳುವುದು ನಿಂತಿತು. ಅಲ್ಲಿಯವರೆಗೆ ಯಾರೂ ಅವನ ಕೈಗೆ ಚಾಕು ಸಹ ಕೊಡುತ್ತಿರಲಿಲ್ಲ. ಈಗ ಗರಗಸ ಹಿಡಿದ, ಉಳಿ ಹಿಡಿದ, ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ಹಾಕಿದ, ಮದುವೆಯಾದ. ಅವನು ಮಾಡಿದ ಕುರ್ಚಿಯಲ್ಲಿ ಕೂತವರನ್ನು ಎಬ್ಬಿಸಲು ನಾಲ್ಕು ಜನ ಬೇಕಾಗುತ್ತಿತ್ತು, ಅಷ್ಟು ಹಿತ.

ಆಮೇಲೆ ಕುರ್ಚಿಗಳು ಹಾರತೊಡಗಿದವು.

*

ತೊಳೆದು, ಬಿಳಿ ಬಟ್ಟೆ ಉಡಿಸಿದ ಅಕ್ಕನನ್ನು ಹೆಂಗಸರು ಮುಂದಿನ ಕೋಣೆಗೆ ತಂದು ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಗೋಡೆಯ ತುಂಬ ಗರಗಸ, ಬಾಚಿ, ಬೈರಿಗೆ, ಉಳಿ ತೂಗುತ್ತಿದ್ದವು. ಪ್ರಯೋಗಾಲಯದ ದೊಡ್ಡ ಸಾಹೇಬರು ಕಾರಿನಿಂದಿಳಿದು, ಮುರಿದ ಸೈಕಲ್ ದಾಟಿ, ಒಳಗೆ ಬಂದು, ಕೈಕಟ್ಟಿ ನಿಂತು ಮಾತು ಶುರುಮಾಡಿದ್ದರು. ಸಾಹೇಬರು ಬಂದರೆಂಬ ಧೈರ್ಯಕ್ಕೆ ಬೀದಿಯ ಕೆಲವರೂ ಬಾಗಿಲವರೆಗೆ ತೆವಳಿದ್ದರು.

“ಎರಡು ಔಷಧ ಒಂದಾದ್ರೆ ಎಷ್ಟು ಬಲ ಬರುತ್ತೆ ಅನ್ನೋದನ್ನ ನಮಗೆ ತೋರಿಸಿದವರು ಇವರು,” ಎಂದರು ಸಾಹೇಬರು. “ಆ ಬಲಕ್ಕೆ ಸಾಕ್ಷಿ ಬೇಕಾದ್ರೆ ದೂರ ಹೋಗ್ಬೇಕಾಗಿಲ್ಲ. ಇಲ್ಲೇ ನಿಂತಿದಾರೆ, ಅವರ ತಮ್ಮ.”

“ಬಲ ನಾವೂ ನೋಡಿದ್ವಿ ಸಾರ್,” ಎಂದ ಡ್ರೈವರ್. “ಬಾಗಿಲು ಇನ್ನೂ ಕ್ಷೌರದಂಗಡೀಲೇ ಇದೆ.”

ಬಾಗಿಲ ಬಳಿ ಯಾರೋ ನಕ್ಕು, ನಕ್ಕದ್ದನ್ನು ಕೆಮ್ಮು ಮಾಡಿಕೊಂಡರು. ಆಗ ಹೆಂಡತಿ ಪೆಟ್ಟಿಗೆಯ ಆಚೆಯಿಂದ ಗಂಡನನ್ನು ನೋಡಿದಳು. ಬಂದಾಗಿನಿಂದ ಮೊದಲ ಸಲ.

“ಅಕ್ಕನ ಭುಜ ಯಾಕೆ ನೀಲಿಯಾಗಿದೆ?”

ಬಡಗಿ ಪೆಟ್ಟಿಗೆಯ ಅಂಚಿನ ಮೇಲಿನ ಹೊಟ್ಟು ಒರೆಸಿದ.

“ಕೇಳ್ತಿರೋದು ನಿಮ್ಮನ್ನೇ. ಕತ್ತಿನಿಂದ ಮೊಣಕೈವರೆಗೂ ಇದೆ. ಕುದುರೆ ಒದೀತಾ ಈ ಸಲಾನೂ?”

ಕುದುರೆಯ ಮಾತು ಎಲ್ಲರಿಗೂ ಗೊತ್ತಿತ್ತು. ಮೂಗು ಮುರಿದಾಗ ಗೆರೆಯಕ್ಕ ಆಫೀಸಿನಲ್ಲಿ ಕುದುರೆ ಒದೆಯಿತು ಎಂದಿದ್ದಳು. ಆ ಊರಿಗೆ ಕುದುರೆ ಬಂದು ನೂರು ವರ್ಷವಾಗಿತ್ತು. ತುಟಿ ಸೀಳಿದಾಗ ಹದ್ದು ಎರಗಿತು ಎಂದಳು. ಪಕ್ಕೆಲುಬಿಗೆ ಲಿಫ್ಟನ್ನು ದೂರಿದ್ದಳು. ಸುಳ್ಳನ್ನು ಅವಳು ಕೈ ಬಿಗಿಹಿಡಿದು ಹೇಳಿದವಳಲ್ಲ.

“ಸ್ಟೂಲು,” ಎಂದ ಬಡಗಿ. “ನಾನೇ ಎಸ್ದಿದ್ದು. ನಾನೇ ಕೊಂದಿದ್ದು. ಪೊಲೀಸ್ರನ್ನ ಕರೀರಿ.”

ಯಾರೂ ಅಲುಗಲಿಲ್ಲ.

“ಕರೀರಿ ಅಂದೆ.”

“ನೋಡಿ, ವೈದ್ಯರ ವರದಿ ಪ್ರಕಾರ,” ಎಂದು ಸಾಹೇಬರು ಬಾಯಿ ತೆರೆದರು. ಅಷ್ಟೇ. ಬಡಗಿ ಅವರ ಕಾಲರಿಗೆ ಕೈ ಹಾಕಿ ಎತ್ತಿದ. ಸಾಹೇಬರ ಬೂಟು ನೆಲ ಬಿಟ್ಟಿತು. ಕನ್ನಡಕ ಒಂದು ಕಡೆ, ವಿಗ್ಗು ಇನ್ನೊಂದು ಕಡೆ ಹೋಯಿತು. ಅವರಿಗೆ ವಿಗ್ಗಿತ್ತು ಎನ್ನುವುದು ಅವರ ಮನೆಯವರಿಗೂ ಅವತ್ತೇ ತಿಳಿದದ್ದಂತೆ. ಬಡಗಿ ಅವರನ್ನು ಗೋಡೆಗೆ ಬಡಿದ ಏಟಿಗೆ ತೂಗುತ್ತಿದ್ದ ಉಳಿಗಳೆಲ್ಲ ಒಟ್ಟಿಗೆ ಖಣಖಣಿಸಿದವು. ಬಿಡಿಸಲು ಹೋದ ಡ್ರೈವರ್ ಮೊಣಕೈ ತಿಂದು ಮರದ ಹೊಟ್ಟಿನ ರಾಶಿಯಲ್ಲಿ ಹೂತುಹೋದ. ಹೆಂಡತಿ ಹಿಂದಿನಿಂದ ಗಂಡನ ಅಂಗಿ ಹಿಡಿದಳು. ಅವನು ತಿರುಗಿದ. ಕೈ ಮೇಲೆತ್ತಿದ್ದ.

ಆ ಕೈ ಇಳಿಯುವ ಮೊದಲು ಇಲಿಯಮ್ಮ ಅವನ ಕುತ್ತಿಗೆಯ ಹಿಂಭಾಗದ ಚರ್ಮವನ್ನು ಹೆಬ್ಬೆರಳು ತೋರುಬೆರಳಲ್ಲಿ ಸೇರಿಸಿ ಹಿಡಿದು ಮೇಲಕ್ಕೆಳೆದಳು. ಜೀವಮಾನದಲ್ಲಿ ಲಕ್ಷಾಂತರ ಇಲಿಗಳನ್ನು ಎತ್ತಿದ ಹಿಡಿತ ಅದು. ಬಡಗಿಯ ತೋಳು ಜೋತುಬಿದ್ದಿತು, ಹಿಮ್ಮಡಿ ಎದ್ದಿತು.

“ಕಚ್ಚೋ ಇಲೀನ ಹಿಡಿಯೋದು ಹೀಗೇ,” ಎಂದಳು ಅವಳು, ಯಾರಿಗೋ ಪಾಠ ಹೇಳುವ ಹಾಗೆ. ಆಮೇಲೆ ಅವನ ಕಿವಿಯ ಬಳಿ ಬಾಯಿ ತಂದಳು, ಆದರೆ ಅವಳ ಪಿಸುಮಾತು ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. “ಸುಮ್ನಿರೋ. ಇದು ನೀನಲ್ಲ. ಇದು ಆ ಎರಡು ಮಾತ್ರೆ.”

*

ಇಲಿಮನೆಯಲ್ಲಿ ಬೆಳಿಗ್ಗೆ ಬಾಗಿಲು ತೆರೆಯುವುದು ಇಲಿಯಮ್ಮನ ಕೆಲಸ. ಮೊದಲನೇ ಔಷಧ ತಿಂದ ಪಂಜರದಲ್ಲಿ ಇಲಿಗಳು ಒಂದರ ಮೇಲೊಂದು ಬಿದ್ದು ನಿದ್ದೆ ಮಾಡುತ್ತಿದ್ದವು. ಎರಡನೆಯದನ್ನು ತಿಂದ ಪಂಜರದಲ್ಲೂ ಹಾಗೇ. ಎರಡನ್ನೂ ತಿಂದ ಪಂಜರದಲ್ಲಿ ಯುದ್ಧ ಮುಗಿದಿರುತ್ತಿತ್ತು. ಕಿವಿಗಳು ಒಂದು ಮೂಲೆಯಲ್ಲಿ, ಬಾಲಗಳು ಇನ್ನೊಂದರಲ್ಲಿ. ಗೆದ್ದ ಒಂದು ಇಲಿ ಮಧ್ಯದಲ್ಲಿ ಕೂತು, ತನ್ನ ಮುಂಗಾಲನ್ನು ತಾನೇ ಕಡಿಯುತ್ತಿರುತ್ತಿತ್ತು. ಸತ್ತವಕ್ಕೆ ಕರೆಂಟು ಹೊಡೆಸುವಂತಿಲ್ಲ. ಹೊಡೆಸದಿದ್ದರೆ ಬರೆಯುವುದಕ್ಕೆ ಉತ್ತರವಿಲ್ಲ. ಅವಳು ಆ ಸಾಲುಗಳನ್ನು ಖಾಲಿ ಬಿಟ್ಟು, ಉಳಿದವನ್ನು ತುಂಬಿ ಮೇಲೆ ಕಳಿಸುತ್ತಿದ್ದಳು.

ಮೇಲೆ ಗೆರೆಯಕ್ಕನ ಸಾಫ್ಟ್‌ವೇರಿನ ಸ್ವಭಾವ ಬಹಳ ಸಭ್ಯ. ಖಾಲಿ ಸಾಲು ಕಂಡರೆ ಯಾಕೆ ಖಾಲಿ ಎಂದು ಕೇಳುವುದಿಲ್ಲ, ಅದನ್ನು ಬಿಟ್ಟು ಮುಂದೆ ಹೋಗಿ ಉಳಿದವರ ಲೆಕ್ಕ ಮಾಡುತ್ತದೆ. ಉಳಿದ ಇಲಿಗಳೋ, ಕರೆಂಟಿಗೆ ಕ್ಯಾರೇ ಅನ್ನದ ಶೂರರು. ಚುಕ್ಕಿ ಗೆರೆಯ ಕೆಳಗೆ, ಇನ್ನೂ ಕೆಳಗೆ ಬಿತ್ತು. ಒಂದು ದಿನ ಮೆಟ್ಟಿಲಿಳಿದಿದ್ದರೆ ಅವಳಿಗೆ ಕಾಣುತ್ತಿತ್ತು. ಆ ಪಟಪಟ ಸದ್ದಿಗೆ ಹೆದರಿ ಅವಳು ಇಳಿಯಲಿಲ್ಲ.

ಇಳಿದದ್ದು ಹದ್ದು ಎರಗಿತೆಂದ ದಿನ. ಕಾಫಿ ಮೆಷಿನ್ನಿನ ಹತ್ತಿರ ಇಲಿಯಮ್ಮ ಅವಳ ಸೀಳಿದ ತುಟಿಯನ್ನು ಬಹಳ ಹೊತ್ತು ನೋಡಿದ್ದಳು.

“ನಿನ್ನ ಮುಖ ನನ್ನ ಜೋಡಿ ಪಂಜರದ ಇಲಿ ಥರ ಆಗಿದೆ ಕಣೇ.”

“ಜೋಡಿ ಪಂಜರದ ಇಲಿಗೇನಾಗಿದೆ?”

“ಬಂದು ನೋಡು.”

ಗೆರೆಯಕ್ಕ ಕಣ್ಣು ಮುಚ್ಚಿಕೊಂಡು, ಮುದುಕಿಯ ಭುಜ ಹಿಡಿದು, ಮೆಟ್ಟಿಲಿಳಿದಳು. ಕೆಳಗೆ ಕಣ್ಣು ಬಿಟ್ಟವಳು ಆ ಪಂಜರದ ಮುಂದಿನಿಂದ ಮಧ್ಯಾಹ್ನದವರೆಗೆ ಏಳಲಿಲ್ಲ. ಆಮೇಲೆ ಮೇಲೆ ಹೋಗಿ, ಕರೆಂಟಿನ ಅಂಕಿ ಬಿಟ್ಟು, ಇಲಿಯಮ್ಮ ನೆನಪಿನಿಂದ ಹೇಳಿದ ಕಡಿತದ ಅಂಕಿ ಉಣಿಸಿ, ಅದೇ ಗೆರೆ ಎಳೆಸಿದಳು. ಒಂದೇ ಔಷಧದಿಂದ ಇಲಿ ಕಡಿಯುವಂತಾಗಬೇಕಾದರೆ ಅದಕ್ಕೆ ಬಕೆಟ್ಟುಗಟ್ಟಲೆ ತಿನ್ನಿಸಬೇಕಿತ್ತು. ಎರಡೂ ಕೂಡಿದರೆ ಚಿಟಿಕೆ ಸಾಕು. ಚುಕ್ಕಿ ಪರದೆಯ ತೀರಾ ಕೆಳಮೂಲೆಗೆ ಹೋಗಿ ಕೂತಿತು. ಮೂರ್ಛೆಯನ್ನು ನಿಲ್ಲಿಸುವುದಕ್ಕಿಂತ ರೋಷವನ್ನು ಎಬ್ಬಿಸುವುದರಲ್ಲೇ ಆ ಎರಡರ ಒಗ್ಗಟ್ಟು ಹೆಚ್ಚು.

“ಸಾಹೇಬ್ರಿಗೆ ಹೇಳೇ,” ಎಂದಳು ಇಲಿಯಮ್ಮ.

“ಹೇಳಿದ್ರೆ ಜೋಡಿ ನಿಲ್ಲಿಸ್ತಾರೆ. ನಿಲ್ಲಿಸಿದ್ರೆ ಅವನು ಬೀಳ್ತಾನೆ.”

“ಹೇಳ್ದಿದ್ರೆ ನೀನು ಬೀಳ್ತೀಯ.”

“ನಾನು ಬಿದ್ರೆ ಎದ್ದು ಆಫೀಸಿಗೆ ಬರ್ತೀನಿ. ಅವನು ಒಂದಿನ ಏಳೋದೇ ಇಲ್ಲ.”

“ಬೇರೆಯವ್ರೂ ನುಂಗ್ತಾರಲ್ಲೇ ಇದನ್ನ. ಅವ್ರ ಮನೆ ಅಕ್ಕಂದಿರು?”

ಗೆರೆಯಕ್ಕ ತಟ್ಟನೆ ಎದ್ದಳು. ಕೂತಿದ್ದ ಕುರ್ಚಿಯನ್ನೇ ಎತ್ತಿ ಪರದೆಗೆ ಬೀಸಿದಳು. ಪರದೆ ಸಿಡಿದು ಮೇಜಿನ ತುಂಬ ಚೆಲ್ಲಿತು. ಅವಳು ಅಲ್ಲೇ ಕೂತು, ಬೆರಳು ಕೊಯ್ದುಕೊಳ್ಳುತ್ತ, ಒಂದೊಂದೇ ಚೂರು ಆರಿಸಿದಳು. ಆವತ್ತು ಅವಳು ಇಲಿಯಮ್ಮನ ಬಾಯಿಗೆ ಆಣೆಯ ಬೀಗ ಹಾಕಿದಳು. ತಾನಿರುವವರೆಗೆ, ಎಂದು.

*

ಇಷ್ಟನ್ನೂ ಇಲಿಯಮ್ಮ ಬಡಗಿಯ ಕುತ್ತಿಗೆ ಬಿಡದೆ ಹೇಳಿ ಮುಗಿಸಿದಳು. ಮುಗಿದ ಮೇಲೆ ಬಿಟ್ಟಳು. ಸಾಹೇಬರು ಗೋಡೆಗೊರಗಿ ಬೋಳುತಲೆ ಒರೆಸಿಕೊಳ್ಳುತ್ತಿದ್ದರು.

“ಇದು ಇಲ್ಲಿ ಮಾತಾಡೋ ವಿಷಯ ಅಲ್ಲ,” ಎಂದರು. ಯಾರೂ ಅವರ ಕಡೆ ನೋಡದಿದ್ದುದರಿಂದ ಮತ್ತೆ ಅಂದರು, “ಪ್ರಯೋಗ ಮತ್ತೆ ಮಾಡಿಸ್ತೀನಿ. ನಾಳೆಯಿಂದ್ಲೇ.”

“ಮಾಡ್ಸಿ. ಖಾಲಿ ಸಾಲು ಬಿಡೋದಿಲ್ಲ ನಾನು ಈ ಸಲ,” ಎಂದಳು ಇಲಿಯಮ್ಮ. “ಆದ್ರೆ ಲೆಕ್ಕ ಮಾಡೋಳು ಪೆಟ್ಟಿಗೇಲಿದಾಳೆ.”

ಬಡಗಿ ಪೆಟ್ಟಿಗೆಯ ಹತ್ತಿರ ಹೋಗಿ ನಿಂತ.

“ನಮ್ಮಕ್ಕಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಗೊತ್ತಿದ್ದೂ ದಿನಾ ಎರಡೂ ಮಾತ್ರೆ ತಂದು ಕೈಗೆ ಕೊಡ್ತಿದ್ಲಾ? ನೀರಿನ ಲೋಟ ಹಿಡ್ಕೊಂಡು ನಿಂತಿರ್ತಿದ್ಲಲ್ಲಮ್ಮ, ನುಂಗೋವರ್ಗೂ.”

“ಹೂಂ.”

ಅವನು ಮುಚ್ಚಳ ಎಳೆದು ಪೆಟ್ಟಿಗೆಯ ಮೇಲಿಟ್ಟ. ಆಮೇಲೆ ಮುಷ್ಟಿ ಕಟ್ಟಿ ಮುಚ್ಚಳಕ್ಕೆ ಹೊಡೆದ. ಹಡಗಿನ ಮರ ಬಿರಿಯಿತು. “ನನ್ನ ಕೇಳ್ಬೇಕಿತ್ತು,” ಎಂದ. ಮತ್ತೆ ಹೊಡೆದ. “ನನ್ನ ಹೆಂಡ್ತಿ ಹೋದ್ಲು. ಕೇಳ್ಬೇಕಿತ್ತು ನೀನು. ನಾನು ರಾಕ್ಷಸ ಅಂದ್ಕೊಂಡಿದ್ನಲ್ಲೇ.” ಒಂದೊಂದು ಏಟಿಗೂ ಬೀದಿಯ ಕಿಟಕಿಗಳು ಅದುರಿದವು. ಎದುರುಗಡೆ ಗೋಡೆಯ ಸುಣ್ಣ ಉದುರಿತು, ಅವನ ಕೈಯ ಚರ್ಮ ಸುಲಿದು ಹೊಸ ಮರದ ಮೇಲೆ ಕೆಂಪಗೆ ಅಂಟಿತು. ಈ ಸಲ ಇಲಿಯಮ್ಮ ಹಿಡಿಯಲಿಲ್ಲ. ಹೆಂಡತಿಯೂ ಹಿಡಿಯಲಿಲ್ಲ. ಅವನು ಸುಸ್ತಾಗಿ ನಿಂತ ಮೇಲೆ ಡ್ರೈವರ್ ಹೊಟ್ಟಿನ ರಾಶಿಯಿಂದೆದ್ದು, ಮೂಗಿನ ರಕ್ತ ಒರೆಸಿಕೊಂಡು, ಮೆಲ್ಲಗೆ ಹೇಳಿದ.

“ಯಜಮಾನ್ರೇ, ಮಣ್ಣಿಗೆ ಹೊತ್ತಾಯ್ತು. ಮುಂದಿನ ತುದಿ ನಾನು ಹಿಡ್ಕೊಳ್ಳಾ?”

ಗೆರೆಯಕ್ಕ ಬಿರುಕು ಬಿಟ್ಟ ಮುಚ್ಚಳದ ಕೆಳಗೆ, ಬಾಗಿಲಿಲ್ಲದ ಗಾಡಿಯಲ್ಲಿ, ಕಾಲಿನ ಕಡೆ ಗಜದಷ್ಟು ಹೊರಚಾಚಿಕೊಂಡು ಹೋದಳು. ಇಡೀ ಊರಿನ ವಾಹನಗಳು ಆ ತುದಿಗೆ ದಾರಿ ಬಿಟ್ಟವು. ಸ್ಮಶಾನದಲ್ಲಿ ಬಡಗಿಯೇ ಸಲಿಕೆ ತೆಗೆದುಕೊಂಡು ಗುಂಡಿ ಮುಚ್ಚಿದ. ಯಾರ ಮೇಲೂ ಸಲಿಕೆ ಎತ್ತಲಿಲ್ಲ. ಬೀದಿಯವರು ಅದನ್ನೊಂದು ಪವಾಡದಂತೆ ಈಗಲೂ ಹೇಳುತ್ತಾರೆ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಮಾತ್ರೆಯ ಹೊತ್ತು. ಹೆಂಡತಿ ಲೋಟದಲ್ಲಿ ನೀರು ತಂದಿಟ್ಟು, ಏನು ಮಾಡಬೇಕೆಂದು ತೋಚದೆ ನಿಂತಳು.

“ಎರಡನೇದನ್ನ ಒಂದೇ ಏಟಿಗೆ ಬಿಡಬೇಡಿ,” ಎಂದರು ಸಾಹೇಬರು. ಅವರು ಹೋಗದೆ ಉಳಿದದ್ದೇ ಆಶ್ಚರ್ಯ. “ಬೆಳಿಗ್ಗೆ ನಾನೇ ವೈದ್ಯರ ಹತ್ರ ಕರ್ಕೊಂಡು ಹೋಗ್ತೀನಿ. ಅವರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪ ಇಳಿಸ್ತಾ ಬರ್ಬೇಕು. ಇಳಿಸೋವಾಗ ಮೂರ್ಛೆ ತಿರುಗಿ ಬರಬಹುದು.”

“ಬರುತ್ತೆ,” ಎಂದ ಬಡಗಿ.

“ಬಂದ್ರೆ ಬೀಳ್ತೀರಲ್ಲ,” ಎಂದಳು ಹೆಂಡತಿ.

“ಬೀಳ್ತೀನಿ. ಇಷ್ಟು ದಿನ ಬೇರೆಯವ್ರು ಬಿದ್ರಲ್ಲ.”

“ಗರಗಸ ಕೈಯಲ್ಲಿದ್ದಾಗ ಬಂದ್ರೆ?”

ಅವನು ಗೋಡೆಯ ಕಡೆ ತಿರುಗಿದ. ಇಡೀ ಗೋಡೆ ಅಲಗುಗಳಿಂದ ಹೊಳೆಯುತ್ತಿತ್ತು. ಸುಲಿದ ಕೈಯಲ್ಲೇ ದೊಡ್ಡ ಗರಗಸವನ್ನು ಗೂಟದಿಂದ ಬಿಡಿಸಿ ಹೊಸ್ತಿಲಿಗೆ ಬಂದ. ಬಾಗಿಲಲ್ಲಿದ್ದವರೆಲ್ಲ ಒಂದೇ ನೆಗೆತಕ್ಕೆ ಎದುರಿನ ಕಾಲುದಾರಿ ತಲುಪಿದರು. ಡೊಳ್ಳುಹೊಟ್ಟೆಯ ಕ್ಷೌರದವನು ಹಾರುವಾಗ ಅವನ ನೆರಳು ಸಹ ಹಿಂದೆ ಉಳಿಯಿತು.

“ಬನ್ನಿ ಇಲ್ಲಿ,” ಎಂದ ಬಡಗಿ. “ಹಿಡ್ಕೊಳ್ಳಿ ಇದನ್ನ.”

“ನಂಗ್ಯಾಕಪ್ಪಾ ಗರಗಸ? ನಾನು ಕೂದಲು ಕತ್ತರ್ಸೋನು.”

“ಇಟ್ಕೊಳ್ಳಿ ಮನೇಲಿ. ನಾನು ಬಂದು ಕೇಳಿದ್ರೂ ಕೊಡ್ಬೇಡಿ. ಹೊಡೀತೀನಿ ಅಂದ್ರೂ ಕೊಡ್ಬೇಡಿ.”

ಕ್ಷೌರದವನು ಬೀದಿಯನ್ನು ದಾಟಿದ. ಆ ಬೀದಿ ಅಷ್ಟು ಅಗಲವಿದೆಯೆಂದು ಅವನಿಗೆ ಅವತ್ತೇ ಗೊತ್ತಾದದ್ದು. ಎರಡೂ ಕೈ ಚಾಚಿ ಗರಗಸ ತೆಗೆದುಕೊಂಡ. ಬಡಗಿ ಒಳಗೆ ಹೋಗಿ ಬಾಚಿ ತಂದ. ಅದನ್ನು ಹಾಲಿನವಳು ಹಿಡಿದುಕೊಂಡಳು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಬೈರಿಗೆ ಒಬ್ಬರಿಗೆ, ಸುತ್ತಿಗೆಗಳು ಎದುರುಮನೆಯ ಅಣ್ಣತಮ್ಮಂದಿರಿಗೆ, ಉಳಿಗಳ ಕಟ್ಟು ಅರ್ಧ ಗಡ್ಡದ ಗಿರಾಕಿಗೆ. ಸಾಹೇಬರ ಕೈಗೂ ಒಂದು ಕೊಡಲಿ ಬಂತು. ಒಳಗೆ ಹೆಂಡತಿ ನೆಲದ ಮೇಲೆ ಮೊಣಕಾಲೂರಿ, ಮೂಲೆ ಮೂಲೆಯಿಂದ ಮೊಳೆಗಳನ್ನು ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ಗೋಡೆಯಲ್ಲಿ ಗೂಟಗಳಷ್ಟೇ ಉಳಿದವು.

ಹೊಸಬರು ಯಾರಾದರೂ ಆ ಹೊತ್ತಿಗೆ ಬೀದಿಯ ತಿರುವಿನಲ್ಲಿ ಬಂದಿದ್ದರೆ ಊರಿಗೆ ಊರೇ ಯಾರನ್ನೋ ಕಡಿಯಲು ಹೊರಟಿದೆ ಎಂದು ಓಡಿಹೋಗುತ್ತಿದ್ದರು. ಇಳಿಬಿಸಿಲಿನಲ್ಲಿ ಕೊಡಲಿ, ಗರಗಸ, ಬಾಚಿ ಹಿಡಿದ ಜನ ಬೀದಿಯ ಉದ್ದಕ್ಕೂ ಹೊಳೆಯುತ್ತಿದ್ದರು. ಎಲ್ಲರೂ ಅಲಗನ್ನು ತಮ್ಮ ಎದೆಯ ಕಡೆಗೇ ತಿರುಗಿಸಿಕೊಂಡು, ಮಲಗಿದ ಮಗುವನ್ನು ಎತ್ತಿಕೊಂಡವರ ಹಾಗೆ, ಮೆಲ್ಲಗೆ ಹೆಜ್ಜೆಯಿಡುತ್ತ ಮನೆಗೆ ಹೋಗುತ್ತಿದ್ದರು.